ಕಲ್ಲಚ್ಚಿನಲ್ಲಿ ಕನ್ನಡ ಅರಳಿಸಿದ ಮೋಗ್ಲಿಂಗ್

ಕನ್ನಡ ಪತ್ರಿಕೋದ್ಯಮದ ಪಿತಾಮಹರೆಂದು ನಾಡು ಗೌರವಿಸುವ ಹರ್ಮನ್ ಮೋಗ್ಲಿಂಗ್ ಜನಿಸಿದ್ದು 1811ರಲ್ಲಿ, ಜರ್ಮನಿಯ ಬ್ರಾಕನ್‌ಹೈಮ್‌ನಲ್ಲಿ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1836ರಲ್ಲಿ ಮಂಗಳೂರಿಗೆ ಬಂದ ಅವರು ಕನ್ನಡ ಕಲಿತು, ಅದರ ಸಾಹಿತ್ಯಕ್ಕೆ ಮಾರುಹೋದರು.

1843ರ ಜುಲೈ 1ರಂದು ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ಆಗ ಮಿಷನ್ನಿನ ಮುದ್ರಣಾಲಯದಲ್ಲಿ ಕನ್ನಡದ ಅಚ್ಚುಮೊಳೆಗಳಿರಲಿಲ್ಲ, ಇದ್ದದ್ದು ಕಲ್ಲಚ್ಚು. ಜಿಡ್ಡಿನ ಮಸಿಯ ಬರಹವನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಶಾಯಿ ಸವರಿದರೆ, ಶಾಯಿ ಅಕ್ಷರಗಳಿಗಷ್ಟೇ ಅಂಟುತ್ತಿತ್ತು. ಹೀಗೆ ಮೊದಲ ಪತ್ರಿಕೆ ಓದುಗರನ್ನು ತಲುಪಿದ್ದು ಕೈಬರಹದ ರೂಪದಲ್ಲೇ. ತಲೆಕಟ್ಟಿನ ಬಾಗು, ಒತ್ತಕ್ಷರದ ಬಳುಕು ಹಾಗೆಯೇ ಉಳಿದವು.

ಆದರೆ ಪ್ರತಿ ಸಂಚಿಕೆಯ ಪ್ರತಿ ಪುಟವನ್ನೂ ಕೈಯಿಂದಲೇ ಬರೆಯಬೇಕಿತ್ತು. 1844ರಲ್ಲಿ ಪತ್ರಿಕೆ ಅಚ್ಚುಮೊಳೆಯ ಸೌಲಭ್ಯವಿದ್ದ ಬಳ್ಳಾರಿಗೆ ಸ್ಥಳಾಂತರಗೊಂಡು ‘ಕನ್ನಡ ಸಮಾಚಾರ’ವಾಯಿತು. ವೇಗ ದೊರೆಯಿತು, ಕೈಬರಹದ ಚೆಲುವು ಮರೆಯಾಯಿತು.

ಮೋಗ್ಲಿಂಗ್ ಮಾತ್ರ ಕಲ್ಲಚ್ಚನ್ನು ಕೈಬಿಡಲಿಲ್ಲ. ನಿವೃತ್ತ ಅಧಿಕಾರಿ ಕಸಮೇಜರ್ ಅವರ ಧನಸಹಾಯದಿಂದ 1848ರಲ್ಲಿ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ ಆರಂಭಿಸಿದರು. ಓಲೆಗರಿಗಳಲ್ಲಿದ್ದ ‘ಜೈಮಿನಿ ಭಾರತ’, ‘ಬಸವಪುರಾಣ’ಗಳೊಂದಿಗೆ ದಾಸರ ಪದಗಳೂ ಅಚ್ಚಾದವು. ಮತಪ್ರಚಾರಕ್ಕೆ ಬಂದ ಪಾದ್ರಿಯೊಬ್ಬರು ಶೈವ, ವೈಷ್ಣವ ಕೃತಿಗಳನ್ನು ಕಾಪಿಟ್ಟದ್ದು ಸಾಮಾನ್ಯ ಸಂಗತಿಯಲ್ಲ.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1860ರಲ್ಲಿ ತಾಯ್ನಾಡಿಗೆ ಮರಳಿದ ಅವರು 1881ರಲ್ಲಿ ಎಸ್ಲಿಂಗನ್‌ನಲ್ಲಿ ನಿಧನರಾದರು. ಪ್ರತಿವರ್ಷ ಜುಲೈ 1ರಂದು ಪತ್ರಿಕಾ ದಿನ ಆಚರಿಸುವ ಕನ್ನಡಿಗರು, ಆ ಮೊದಲ ಪುಟಗಳನ್ನು ಬರೆದ ಅನಾಮಿಕ ಕೈಗಳನ್ನೂ ನೆನೆಯಬೇಕು.