ದ್ವೀಪ ಎಣಿಸಿದ ಸಿವಿಲ್ ಎಂಜಿನಿಯರ್

ಪ್ಲೇಸ್‌ಮೆಂಟ್‌ಗೆ ಕೂತವರೆಲ್ಲ ಬಿಡಿಸಿರೋ ಪ್ರಾಬ್ಲಮ್ ಇದು: ಗ್ರಿಡ್‌ನಲ್ಲಿ 1 ಅಂದ್ರೆ ನೆಲ, 0 ಅಂದ್ರೆ ನೀರು. ದ್ವೀಪ ಎಷ್ಟು? ಇನ್ನೂ ಮುಟ್ಟದ ನೆಲದ ಚೌಕ ಒಂದನ್ನ ಗುರುತು ಮಾಡಿ ಕ್ಯೂಗೆ ಹಾಕ್ತೀವಿ. ಮುಂದಿನಿಂದ ಒಂದೊಂದೇ ತೆಗೆದು, ಅದರ ಅಕ್ಕಪಕ್ಕ, ಮೇಲೆ ಕೆಳಗಿನ ನೆಲವನ್ನೂ ಹಾಗೇ ಸೇರಿಸ್ತಾ ಹೋಗ್ತೀವಿ. ಕ್ಯೂ ಖಾಲಿಯಾದ್ರೆ ಒಂದು ದ್ವೀಪ ಮುಗೀತು. (ಗುರುತು ಹಾಕೋದು ಕ್ಯೂಗೆ ಸೇರಿಸುವಾಗಲೇ. ತೆಗೆಯುವಾಗ ಹಾಕಿದ್ರೆ ಒಂದೇ ಚೌಕ ಹಲವು ಸಲ ಒಳಗೆ ಬರುತ್ತೆ!) ಇದೇ ಬಿಎಫ್‌ಎಸ್. ಇದನ್ನ ಮೊದಲು ಬರೆದಿಟ್ಟವರು ಓದಿದ್ದು ಸಿವಿಲ್.

ಕೊನ್ರಾಡ್ ಝೂಸೆ ಹುಟ್ಟಿದ್ದು 1910ರಲ್ಲಿ, ಬರ್ಲಿನ್‌ನಲ್ಲಿ. 1935ರಲ್ಲಿ ಡಿಗ್ರಿ ಮುಗಿಸಿ ಹೆನ್‌ಶೆಲ್ ವಿಮಾನ ಕಂಪನಿ ಸೇರಿದರು. ಒಂದೇ ಥರದ ಉದ್ದುದ್ದ ಲೆಕ್ಕಗಳಿಂದ ಬೇಸತ್ತು, ಕೆಲಸ ಬಿಟ್ಟು, ಅಪ್ಪ ಅಮ್ಮನ ಮನೆಯ ಹಾಲ್‌ನಲ್ಲೇ ಯಂತ್ರ ಕಟ್ಟೋಕೆ ಕೂತರು. ಸ್ನೇಹಿತರು ದುಡ್ಡು ಕೊಟ್ಟರು, ತಗಡು ಕೊಯ್ದು ಕೊಟ್ಟರು. 1941ರಲ್ಲಿ 2,000ಕ್ಕೂ ಹೆಚ್ಚು ರಿಲೇಗಳ ಝಡ್3 ಓಡಿತು. ಪ್ರೋಗ್ರಾಮ್ ಹಾಕಿದರೆ ತಾನೇ ನಡೆಯುವ ಮೊದಲ ಡಿಜಿಟಲ್ ಕಂಪ್ಯೂಟರ್ ಅದು. 1943ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಪಾಪ ಅನಿಸುತ್ತೆ, ನಿಜ. ಆದರೆ ಝೂಸೆಯವರ ಬೇರೆ ಯಂತ್ರಗಳು ಅದೇ ಯುದ್ಧದಲ್ಲಿ ಹೆನ್‌ಶೆಲ್‌ನ ಗ್ಲೈಡ್ ಬಾಂಬ್‌ಗಳ ರೆಕ್ಕೆಯ ಲೆಕ್ಕ ಮಾಡುತ್ತಿದ್ದವು. ಅದನ್ನ ಬಿಟ್ಟು ಅವರ ಕಥೆ ಹೇಳೋದು ಸರಿಯಲ್ಲ.

1945ರಲ್ಲಿ ಉಳಿದಿದ್ದ ಝಡ್4 ಹೊತ್ತುಕೊಂಡು ಬರ್ಲಿನ್ ಬಿಟ್ಟು, ಬವೇರಿಯಾದ ಹಿಂಟರ್‌ಸ್ಟೈನ್ ಅನ್ನೋ ಬೆಟ್ಟದ ಹಳ್ಳಿ ಸೇರಿದರು. ಯುದ್ಧದ ಆ ಕೊನೆಯ ವರ್ಷಗಳಲ್ಲಿ ಬರೆದದ್ದು ಪ್ಲಾಂಕಾಲ್ಕ್ಯೂಲ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಬರೀ ಕಾಗದದ ಮೇಲೆ. ಟೆಸ್ಟ್ ಕೇಸ್ ಓಡಿಸಿ ನೋಡೋ ಅವಕಾಶವೇ ಇಲ್ಲ. ಅದರಲ್ಲಿ ಚೆಸ್ ಬೋರ್ಡಿನ 64 ಮನೆಗಳ ಮೇಲಿನ ನಡೆಗಳನ್ನ ಪರೀಕ್ಷಿಸೋ ಪ್ರೋಗ್ರಾಮ್‌ಗಳಿದ್ದವು. ಗ್ರಾಫ್‌ನ ಯಾವ ಬಿಂದುಗಳು ಒಂದಕ್ಕೊಂದು ಸೇರಿಕೊಂಡಿವೆ ಅಂತ ಹುಡುಕೋ ವಿಧಾನವೂ ಇತ್ತು. ನಮ್ಮ ದ್ವೀಪದ ಲೆಕ್ಕವೇ ಅದು! ಪಿಎಚ್‌ಡಿಗೆಂದು ಬರೆದ ಆ ಪ್ರಬಂಧಕ್ಕೆ ಡಿಗ್ರಿ ಸಿಗಲಿಲ್ಲ. ಪೂರ್ತಿ ಅಚ್ಚಾಗಿದ್ದು 1972ರಲ್ಲಿ.

ಅಷ್ಟರಲ್ಲಿ 1959ರಲ್ಲಿ ಎಡ್ವರ್ಡ್ ಮೂರ್ ಚಕ್ರವ್ಯೂಹದಿಂದ ಹೊರಬರೋ ಅತಿ ಚಿಕ್ಕ ದಾರಿ ಹುಡುಕುತ್ತಾ ಇದನ್ನೇ ಮತ್ತೆ ಕಂಡುಕೊಂಡಿದ್ದರು. 1961ರಲ್ಲಿ ಸಿ. ವೈ. ಲೀ ಸರ್ಕ್ಯೂಟ್‌ನ ತಂತಿಗಳಿಗೆ ಗ್ರಿಡ್ ಮೇಲೆ ದಾರಿ ಹುಡುಕೋಕೆ ಅದನ್ನ ಬಳಸಿದರು. ಇಬ್ಬರ ಹೆಸರೂ ಪಠ್ಯಪುಸ್ತಕ ಸೇರಿತು.

ಝೂಸೆ ಸುಮ್ಮನೆ ಕೂರಲಿಲ್ಲ. ಸ್ವಂತ ಕಂಪನಿ ಕಟ್ಟಿದರು. ಝಡ್4 1950ರಲ್ಲಿ ಝ್ಯೂರಿಕ್‌ನ ಇಟಿಎಚ್ ಸೇರಿತು. 1969ರಲ್ಲಿ, ಈ ವಿಶ್ವವೇ ಲೆಕ್ಕ ಮಾಡ್ತಿರೋ ಒಂದು ದೊಡ್ಡ ಗ್ರಿಡ್ ಇರಬಹುದಾ ಅಂತ ಪುಸ್ತಕವನ್ನೇ ಬರೆದರು. ತೀರಿಕೊಂಡದ್ದು 1995ರ ಡಿಸೆಂಬರ್‌ನಲ್ಲಿ. 2000ದಲ್ಲಿ ಬರ್ಲಿನ್‌ನ ಫ್ರೀ ಯೂನಿವರ್ಸಿಟಿಯ ತಂಡವೊಂದು ಪ್ಲಾಂಕಾಲ್ಕ್ಯೂಲ್‌ಗೆ ಕಂಪೈಲರ್ ಬರೆದು, ಅದರ ಪ್ರೋಗ್ರಾಮ್‌ಗಳನ್ನ ಓಡಿಸಿತು.