ಆರು ವಾರದ ನರ್ಸ್

ಕೆಲಸ ಬಿಟ್ಟು ಬರೀತಾ ಕೂರೋದು ಯಾವಾಗ? ಪ್ಲೇಸ್‌ಮೆಂಟ್ ಟೈಮಲ್ಲಿ ನಮ್ಮ ಕ್ಲಬ್ಬಲ್ಲೂ ಈ ಮಾತು ಬರುತ್ತೆ. ಆಗ ನಮಗೆ ನೆನಪಾಗೋದು ಅಮೆರಿಕದ ಲೂಯಿಸಾ ಮೇ ಆಲ್ಕಾಟ್ (1832–1888).

ಹೊಲಿಗೆ, ಮನೆಗೆಲಸ, ಪಾಠ ಎಲ್ಲ ಮಾಡಿ ಸಂಸಾರಕ್ಕೆ ಹೆಗಲು ಕೊಟ್ಟವರು. ನಡುವೆ ಪತ್ರಿಕೆಗಳಿಗೆ ಕತೆ. ಬಾಸ್ಟನ್‌ನ ಪ್ರಕಾಶಕ ಜೇಮ್ಸ್ ಫೀಲ್ಡ್ಸ್, ಬರವಣಿಗೆ ಬಿಟ್ಟು ಪಾಠ ಹೇಳಿಕೊಂಡಿರಿ ಅಂದು, ಶಾಲೆ ತೆರೆಯೋಕೆ 40 ಡಾಲರ್ ಸಾಲವನ್ನೂ ಕೊಟ್ಟ. ಒಳ್ಳೇ ಉಪಕಾರ!

1862ರ ಡಿಸೆಂಬರ್, ಅಂತರ್ಯುದ್ಧದ ಕಾಲ. 30 ತುಂಬಿದ್ದ ಆಲ್ಕಾಟ್ ಜಾರ್ಜ್‌ಟೌನ್‌ನಲ್ಲಿ ನರ್ಸ್ ಆದರು. ಹಳೇ ಹೋಟೆಲ್ಲೇ ಆಸ್ಪತ್ರೆ. ಗಾಯ ತೊಳೆಯೋದು, ಊಟ ಮಾಡಿಸೋದು, ಸೈನಿಕರ ಪರವಾಗಿ ಕಾಗದ ಬರೆಯೋದು, ರಾತ್ರಿ ಪಾಳಿ. ಆರು ವಾರಕ್ಕೆ ಟೈಫಾಯ್ಡ್. ಪಾದರಸದ ಔಷಧಿ ಕೊಟ್ಟರು; ಆಮೇಲೆ ಆರೋಗ್ಯ ಪೂರ್ತಿ ಸರಿಹೋಗಲೇ ಇಲ್ಲ.

ಕೆಲಸ ಬಿಡಿಸಿದ್ದು ಜ್ವರ. ಆದರೆ ಆಸ್ಪತ್ರೆಯಿಂದ ಬರೆದ ಕಾಗದಗಳು ಮನೇಲಿದ್ದವು, ನಮಗೆ ಮುಖ್ಯ ಅನ್ಸೋದು ಇದೇ. ಅವನ್ನೇ ತಿದ್ದಿ 1863ರಲ್ಲಿ ಪತ್ರಿಕೆಗೆ ಕೊಟ್ಟರು; ಅದೇ ವರ್ಷ ‘ಹಾಸ್ಪಿಟಲ್ ಸ್ಕೆಚಸ್’ ಪುಸ್ತಕವಾಯ್ತು. ಹೊಟ್ಟೆಪಾಡಿಗೆ ಬೇರೆ ಹೆಸರಲ್ಲಿ ರೋಚಕ ಕತೆಗಳನ್ನೂ ಬರೆದರು. 1868ರಲ್ಲಿ ಬಂದ ‘ಲಿಟಲ್ ವಿಮೆನ್’ ಮನೆಯ ಸಾಲ ತೀರಿಸ್ತು. ಫೀಲ್ಡ್ಸ್‌ಗೆ ಆ 40 ಡಾಲರೂ ವಾಪಸ್ ಹೋಯ್ತು.