ನ್ಯಾಯವನ್ನು ಕಲ್ಲಿನಲ್ಲಿ ಕೆತ್ತಿಸಿದ ಅರಸ ಹಮ್ಮುರಬಿ

ಮಾನವನು ಯಾವಾಗ ನಾಗರಿಕನಾದನು ಎಂಬ ಪ್ರಶ್ನೆಗೆ ಉತ್ತರವಾಗಿ ಬೇಸಾಯ, ನಗರ, ಬರವಣಿಗೆ ಎಂಬ ಮೂರು ಮೈಲಿಗಲ್ಲುಗಳನ್ನು ತೋರಿಸುವುದು ವಾಡಿಕೆ. ಇವುಗಳೊಂದಿಗೆ ನಾಲ್ಕನೆಯದೊಂದನ್ನು ನಾವು ಸೇರಿಸಬಯಸುತ್ತೇವೆ. ಅದು ಬಲಹೀನನಿಗೂ ನ್ಯಾಯ ದೊರೆಯಬೇಕೆಂಬ ಅರಿವು. ಈ ಅರಿವಿನೊಂದಿಗೆ ಚರಿತ್ರೆಯಲ್ಲಿ ಹೆಸರು ಬೆಸೆದುಕೊಂಡವನು ಬ್ಯಾಬಿಲೋನಿನ ಅರಸ ಹಮ್ಮುರಬಿ.

ಇಂದಿನ ಇರಾಕ್ ದೇಶದ ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಣ ಬಯಲೇ ಅವನ ನಾಡು. ಅದರ ದಕ್ಷಿಣ ಭಾಗದಲ್ಲಿ ಮಳೆ ತೀರ ಕಡಿಮೆ, ಕಾಲುವೆಯಿಲ್ಲದೆ ಬೆಳೆಯಿಲ್ಲ. ಕಾಲುವೆ ತೋಡಲು ಜನರು ಕೂಡಬೇಕು; ಕೂಡಿದ ಜನರ ನಡುವೆ ನೀರು ನೆಲಗಳಿಗಾಗಿ ವ್ಯಾಜ್ಯ ಹುಟ್ಟುವುದೂ ಸಹಜ. ಧಾನ್ಯ ಮುಂತಾದವುಗಳ ಲೆಕ್ಕವಿಡುವ ಅಗತ್ಯದಿಂದ ಕ್ರಿ.ಪೂ. 3200ರ ಸುಮಾರಿಗೆ ಇಲ್ಲಿನ ಉರುಕ್ ನಗರದಲ್ಲಿ ಜೇಡಿಮಣ್ಣಿನ ಹಲಗೆಗಳ ಮೇಲೆ ಬರೆಯುವ ರೂಢಿ ಆರಂಭವಾಯಿತು. ಪಿತಾಮಹ ಅಬ್ರಹಾಮನ ಕುಟುಂಬವು ಹೊರಟಿತೆಂದು ಆದಿಕಾಂಡವು ಹೇಳುವ ಊರ್ ಪಟ್ಟಣವನ್ನೂ ಸಾಮಾನ್ಯವಾಗಿ ಈ ಬಯಲಿನಲ್ಲಿಯೇ ಗುರುತಿಸಲಾಗುತ್ತದೆ.

ಸಾಮಾನ್ಯವಾಗಿ ಒಪ್ಪಿರುವ ಕಾಲಗಣನೆಯಂತೆ ಹಮ್ಮುರಬಿ ತನ್ನ ತಂದೆ ಸಿನ್-ಮುಬಲ್ಲಿತನ ತರುವಾಯ ಕ್ರಿ.ಪೂ. 1792ರಲ್ಲಿ ಪಟ್ಟಕ್ಕೆ ಬಂದನು. ಅಮೋರಿಯರ ಆ ವಂಶದಲ್ಲಿ ಅವನು ಆರನೆಯ ದೊರೆ. ರಾಜ್ಯ ಚಿಕ್ಕದು, ಸುತ್ತಲಿನವರು ಬಲಿಷ್ಠರು. ದಕ್ಷಿಣದಲ್ಲಿ ಲಾರ್ಸದ ರಿಮ್-ಸಿನ್, ಉತ್ತರದಲ್ಲಿ ಶಂಶಿ-ಅದದ್, ಪೂರ್ವದಲ್ಲಿ ಏಲಾಮ್. ಆಳ್ವಿಕೆಯ ಆರಂಭದಲ್ಲಿಯೇ ಅವನು ಪ್ರಜೆಗಳ ಸಾಲಗಳನ್ನು ಮನ್ನಾ ಮಾಡಿದನು. ಮುಂದೆ ಬಹುಕಾಲ ಕೋಟೆ ಕಟ್ಟಿಸುತ್ತ, ಕಾಲುವೆ ತೋಡಿಸುತ್ತ, ಮೈತ್ರಿಗಳನ್ನು ಹೆಣೆಯುತ್ತ ಸಮಯ ಕಾದನು. ಕ್ರಿ.ಪೂ. 1764ರಲ್ಲಿ ಏಲಾಮನ್ನು ಸೋಲಿಸಿ, ಮರುವರ್ಷ ಲಾರ್ಸವನ್ನು ಗೆದ್ದನು. ಬಳಿಕ ತನ್ನ ಹಳೆಯ ಮಿತ್ರನಾದ ಮಾರಿಯ ಅರಸ ಜಿಮ್ರಿ-ಲಿಮನ ಮೇಲೆಯೇ ತಿರುಗಿಬಿದ್ದು, ಆ ಸುಂದರ ನಗರದ ಗೋಡೆಗಳನ್ನು ಕೆಡವಿಸಿದನು. ನ್ಯಾಯದ ಹೆಸರಿನಲ್ಲಿ ಪ್ರಸಿದ್ಧನಾದ ಈ ಅರಸನು ಮಿತ್ರದ್ರೋಹದಿಂದ ಮುಕ್ತನಾಗಿರಲಿಲ್ಲ ಎಂಬುದನ್ನು ನಾವು ಮರೆಮಾಚಬೇಕಾಗಿಲ್ಲ.

ಆದರೂ ಗೆದ್ದ ನಾಡನ್ನು ಅವನು ಅಲಕ್ಷಿಸಲಿಲ್ಲ. ಊರ್, ಉರುಕ್, ಲಾರ್ಸ ಮುಂತಾದ ನಗರಗಳಿಗೆ ನೀರು ಒದಗಿಸುವ ದೊಡ್ಡ ಕಾಲುವೆಯನ್ನು ತೋಡಿಸಿದನು. ಅಧಿಕಾರಿಗಳಿಗೆ ಅವನು ಕಳುಹಿಸಿದ ಮಣ್ಣಿನ ಪತ್ರಗಳು ನಮಗೆ ದೊರೆತಿವೆ. ಕಾಲುವೆಯ ಹೂಳು ತೆಗೆಯುವ ಕೆಲಸ, ರೈತನೊಬ್ಬನ ಕೈತಪ್ಪಿದ ಹೊಲದ ವಿಚಾರ, ಬಾಕಿಯುಳಿದ ತೆರಿಗೆ ಇಂಥ ಸಣ್ಣ ಸಂಗತಿಗಳಿಗೂ ಈ ಸಾಮ್ರಾಟನು ಗಮನ ಕೊಡುತ್ತಿದ್ದನೆಂಬುದು ಅವುಗಳಿಂದ ತಿಳಿಯುತ್ತದೆ.

ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಅವನು ಸುಮಾರು 282 ತೀರ್ಪುಗಳನ್ನು ಕರಿಯ ಶಿಲಾಸ್ತಂಭದ ಮೇಲೆ ಕೆತ್ತಿಸಿದನು. ಕಾನೂನುಗಳನ್ನು ಬರೆಯಿಸಿದವರಲ್ಲಿ ಇವನೇ ಮೊದಲಿಗನಲ್ಲ. ಊರ್ ನಗರದ ಅರಸ ಊರ್-ನಮ್ಮುವಿನ ಹೆಸರಿನ ಕಾನೂನುಗಳು ಇವನಿಗಿಂತ ಮುನ್ನೂರು ವರ್ಷಗಳಷ್ಟು ಹಳೆಯವು. ಆದರೆ ವಿಸ್ತಾರದಲ್ಲಿ ಹಮ್ಮುರಬಿಯ ಸಂಹಿತೆಗೆ ಅದಕ್ಕೂ ಹಿಂದೆ ಸರಿಸಾಟಿಯಿಲ್ಲ. ನೆರೆಯಿಂದ ಬೆಳೆ ಹಾಳಾದರೆ ಸಾಲಗಾರನು ಆ ವರ್ಷ ಬಡ್ಡಿ ಕೊಡಬೇಕಾಗಿಲ್ಲ. ಸಾಲಕ್ಕಾಗಿ ಜೀತಕ್ಕಿಟ್ಟ ಹೆಂಡತಿ ಮಕ್ಕಳನ್ನು ಮೂರು ವರ್ಷ ದುಡಿಸಿಕೊಂಡು ನಾಲ್ಕನೆಯ ವರ್ಷ ಬಿಡಬೇಕು. ತಾನಿತ್ತ ತೀರ್ಪನ್ನು ತಿದ್ದಿದ ನ್ಯಾಯಾಧೀಶನು ಹನ್ನೆರಡು ಪಾಲು ದಂಡ ತೆತ್ತು ಪೀಠವನ್ನು ಬಿಟ್ಟಿಳಿಯಬೇಕು. ಅನಾಥರನ್ನೂ ವಿಧವೆಯರನ್ನೂ ಕಾಯುವುದೇ ಈ ಸ್ತಂಭದ ಉದ್ದೇಶವೆಂದು ಅರಸನು ಅದರಲ್ಲಿ ಸಾರಿದ್ದಾನೆ.

ಆದರೆ ಇಲ್ಲಿ ನಾವು ಸ್ವಲ್ಪ ನಿಂತು ಆಲೋಚಿಸಬೇಕು. ಅವನ ತಕ್ಕಡಿಯಲ್ಲಿ ಎಲ್ಲರ ಕಣ್ಣಿಗೂ ಒಂದೇ ತೂಕವಿರಲಿಲ್ಲ. ಕುಲೀನನು ಇನ್ನೊಬ್ಬ ಕುಲೀನನ ಕಣ್ಣು ಕಿತ್ತರೆ ಅವನ ಕಣ್ಣನ್ನು ಕೀಳಬೇಕು. ಸಾಮಾನ್ಯನ ಕಣ್ಣಾದರೆ ಸುಮಾರು ಅರ್ಧ ಕಿಲೋ ಬೆಳ್ಳಿ. ಗುಲಾಮನದಾದರೆ ಅವನ ಬೆಲೆಯ ಅರ್ಧ. ಕಟ್ಟಿದ ಮನೆ ಕುಸಿದು ಯಜಮಾನನ ಮಗ ಸತ್ತರೆ, ಕಟ್ಟಿದವನ ನಿರಪರಾಧಿ ಮಗನನ್ನು ಕೊಲ್ಲಬೇಕು. ಮೋಶೆಯ ಧರ್ಮಶಾಸ್ತ್ರದಲ್ಲಿಯೂ ದಾಸ್ಯವಿದೆ, ಕಣ್ಣಿಗೆ ಪ್ರತಿಯಾಗಿ ಕಣ್ಣೂ ಇದೆ. ಆದರೆ ಯಜಮಾನನು ತನ್ನ ದಾಸನ ಕಣ್ಣನ್ನು ಹಾಳುಮಾಡಿದರೆ ಆ ದಾಸನನ್ನು ಬಿಡುಗಡೆ ಮಾಡಬೇಕೆಂದು ವಿಮೋಚನಾಕಾಂಡವು ವಿಧಿಸುತ್ತದೆ; ಅಪ್ಪನ ತಪ್ಪಿಗಾಗಿ ಮಗನನ್ನು ಕೊಲ್ಲಕೂಡದೆಂದು ಧರ್ಮೋಪದೇಶಕಾಂಡವು ತಡೆಯುತ್ತದೆ. ಬ್ಯಾಬಿಲೋನಿನಲ್ಲಿ ಒಡೆಯನ ಸೊತ್ತಿಗಾದ ನಷ್ಟವು ಇಲ್ಲಿ ಮನುಷ್ಯನೊಬ್ಬನಿಗಾದ ಅನ್ಯಾಯವಾಗಿ ಕಾಣುತ್ತದೆ. ಮುಂದೆ ಪ್ರಭು ಯೇಸು ಪರ್ವತ ಪ್ರಸಂಗದಲ್ಲಿ ಆ ಪ್ರತೀಕಾರವನ್ನೇ ಕೈಬಿಡುವಂತೆ ಬೋಧಿಸಿದರು.

ಹಮ್ಮುರಬಿ ಅಸ್ವಸ್ಥನಾದಾಗ ಮಗ ಸಂಸು-ಇಲುನ ಆಡಳಿತ ವಹಿಸಿಕೊಂಡನು. ಕ್ರಿ.ಪೂ. 1750ರಲ್ಲಿ ಅರಸನು ತೀರಿಕೊಂಡನು. ಮಗನ ಕಾಲದಲ್ಲಿಯೇ ದಕ್ಷಿಣದ ನಗರಗಳು ದಂಗೆಯೆದ್ದು ಸಾಮ್ರಾಜ್ಯ ಕುಗ್ಗಿತು. ಸೇನೆಯಿಂದ ಗಳಿಸಿದ್ದು ಕರಗಿತು. ಕಲ್ಲಿನಲ್ಲಿ ಬರೆಸಿದ್ದು ಉಳಿಯಿತು. ಕ್ರಿ.ಪೂ. 12ನೆಯ ಶತಮಾನದಲ್ಲಿ ಏಲಾಮಿನ ಅರಸನು ಆ ಸ್ತಂಭವನ್ನು ಸೂಸಾ ನಗರಕ್ಕೆ ಕೊಳ್ಳೆಯೊಯ್ದನು. 1901-02ರಲ್ಲಿ ಫ್ರೆಂಚ್ ಉತ್ಖನನಕಾರರು ಅದನ್ನು ಅಲ್ಲಿ ಹೊರತೆಗೆದರು. 1902ರಲ್ಲಿಯೇ ಅದನ್ನು ಓದಿ ಅನುವಾದಿಸಿ ಪ್ರಕಟಿಸಿದವರು ಡೊಮಿನಿಕನ್ ಸಭೆಯ ಗುರು ಜಾನ್-ವಿನ್ಸೆಂಟ್ ಶೈಲ್. ಸ್ತಂಭವು ಇಂದು ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ.

ಅವನ ತಕ್ಕಡಿಯನ್ನು ಕಂಡು ಹಳಿಯುವ ಮುನ್ನ ನಮ್ಮದನ್ನೂ ನೋಡಿಕೊಳ್ಳೋಣ. ನಮ್ಮ ಮಗು ಬಿದ್ದರೆ ವೈದ್ಯರ ಬಳಿಗೆ ಓಡುತ್ತೇವೆ. ಮನೆಗೆಲಸದವಳ ಮಗು ಬಿದ್ದರೆ ಅವಳ ಕೈಗೆ ಹತ್ತಿಪ್ಪತ್ತು ರೂಪಾಯಿ ಇಟ್ಟು ಸುಮ್ಮನಾಗುತ್ತೇವೆ. ಬೆಳ್ಳಿ ತೂಗಿ ಕಣ್ಣಿನ ಬೆಲೆ ಕಟ್ಟುವ ಲೆಕ್ಕ ನಮ್ಮಲ್ಲಿಯೂ ಇನ್ನೂ ಮುಗಿದಿಲ್ಲ.